ತಳ್ಳಿದರೆ ಏಳುತ್ತದೆ, ಕೀಲಿಗೆ ಏಳುವುದಿಲ್ಲ

(ಓದುಗರ ವಾಹನ ಪ್ರಶ್ನೆಗಳಿಗೆ ತುಮಕೂರಿನ ಅಂತರಸನಹಳ್ಳಿಯ ಹಳೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಉತ್ತರ)

ಪ್ರಶ್ನೆ: ಸರ್, ನನ್ನದು ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಮೇಲಿನ ಹೊದಿಕೆಯನ್ನು ಮಡಚಬಹುದು, ಮೈಯೆಲ್ಲ ಫೈಬರ್. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಭಾನುವಾರ ಬೆಳಿಗ್ಗೆ ದೇವರಾಯನದುರ್ಗಕ್ಕೆ ಹೋಗಿ ಬರುವುದಷ್ಟೇ ಅದರ ಕೆಲಸ. ಆರು ತಿಂಗಳಿಂದ ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಹೆಡ್‌ಲೈಟ್ ಮಂಕಾಗುವುದಿಲ್ಲ, ಹಾರ್ನ್ ಜೋರಾಗಿದೆ. ಹೊಸ ಬ್ಯಾಟರಿ ಹಾಕಿಸಿದೆ, ಮೂರು ವಾರ ನಡೆಯಿತು. ಅದನ್ನೂ ಬದಲಿಸಿದರು, ನಾಲ್ಕು ದಿನ ನಡೆಯಿತು. ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರ್ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿಸಿದ್ದೂ ಆಯಿತು. ಇಳಿಜಾರಿನಲ್ಲಿ ತಳ್ಳಿ ಗೇರಿಗೆ ಹಾಕಿದರೆ ಮಾತ್ರ ತಕ್ಷಣ ಸ್ಟಾರ್ಟ್ ಆಗುತ್ತದೆ. ಒಮ್ಮೆ ಟ್ಯಾಕ್ಸಿಯವರೊಬ್ಬರು ತಮ್ಮ ಗಾಡಿಯ ಬ್ಯಾಟರಿಯಿಂದ ಜಂಪ್ ಕೇಬಲ್ ಹಾಕಿದಾಗ ಒಂದೇ ಸಲಕ್ಕೆ ಎದ್ದಿತು. ಮೆಕ್ಯಾನಿಕ್ ಹಾಕಿದಾಗ ಏಳಲಿಲ್ಲ. ಇದರ ಜೊತೆಗೆ ಕ್ಲಚ್ ಪೆಡಲ್ ಬಿಗಿಯಾಗಿದೆ, ಸ್ಟಾರ್ಟ್ ಮಾಡಲು ಹೋದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಪ್ಲೇಟ್ ಹೋಗಿದೆ ಎನ್ನುತ್ತಾರೆ. ಅಪ್ಪ ಮಾರಿಬಿಡು ಎನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರು, ಕ್ಯಾತ್ಸಂದ್ರ

ಉತ್ತರ: ನಿಮ್ಮ ತಂದೆಯವರಿಗೆ ಒಂದು ವಾರ ತಡೆಯಲು ಹೇಳಿ. ಕಾರು ನೋಡದೆ ರೋಗ ಹೇಳುವುದು ನನಗೆ ಇಷ್ಟವಿಲ್ಲದ ಕೆಲಸ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಪಾನಾ ಹಿಡಿಯದೆಯೇ ನನಗೆ ಮುಕ್ಕಾಲು ಪಾಲು ಧೈರ್ಯ ಬಂದಿದೆ. ಕಾರಣ, ನೀವು ಕೊನೆಯಲ್ಲಿ ‘ಇದರ ಜೊತೆಗೆ’ ಎಂದು ಬರೆದ ಆ ಕ್ಲಚ್. ಅದು ಬೇರೆ ರೋಗವಲ್ಲ, ಇದೇ ರೋಗದ ಹೊಗೆ.

ಮೊದಲು ನಿಮ್ಮ ಕಾರಿನ ಮೈ. ಫೈಬರ್ ಮೈ ಹಗುರ, ತುಕ್ಕು ಹಿಡಿಯದು. ಅಮೆರಿಕದ ಕಾರ್ವೆಟ್ 1953ರಿಂದಲೇ ಆ ಮೈಯಲ್ಲಿ ಬಂತು, ಇಂಗ್ಲೆಂಡಿನ ಲೋಟಸ್ ಕೂಡ ಅದನ್ನು ನೆಚ್ಚಿಕೊಂಡಿತು. ಆದರೆ ಫೈಬರ್ ಒಳಗೆ ಕರೆಂಟ್ ಹರಿಯುವುದಿಲ್ಲ. ಮಾಮೂಲಿ ಕಾರಿನಲ್ಲಿ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಕೆಲಸ ಮುಗಿಸಿ ತಗಡಿನ ಮೈಯ ಮೂಲಕವೇ ಮೈನಸ್‌ಗೆ ಮರಳುತ್ತದೆ. ಒಂದು ಬೋಲ್ಟ್ ಸಡಿಲವಾದರೆ ಇನ್ನೊಂದು ಕಡೆಯಿಂದ ನುಸುಳುತ್ತದೆ. ನಿಮ್ಮ ಕಾರಿನಲ್ಲಿ ಆ ಸೌಕರ್ಯ ಇಲ್ಲ. ಕೆಳಗಿನ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಮತ್ತು ಕರೆಂಟನ್ನು ಮೈನಸ್‌ಗೆ ಮರಳಿಸುವ, ಕೈಬೆರಳಲ್ಲಿ ಎಣಿಸುವಷ್ಟು ಅರ್ತ್ ತಂತಿಗಳು, ಅಷ್ಟೇ ದಾರಿ.

ಇನ್ನು ಎಂಜಿನ್ ನೋಡಿ. ಅದು ಕುಳಿತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲೂ ಕರೆಂಟ್ ಹರಿಯದು. ಹಾಗಾಗಿ ಎಂಜಿನ್ನಿನಿಂದ ಅಥವಾ ಗೇರ್ ಬಾಕ್ಸಿನಿಂದ ಚಾಸಿಗೆ ಜಡೆ ಹೆಣೆದಂತಹ ಒಂದು ತಾಮ್ರದ ಪಟ್ಟಿ ಕೊಟ್ಟಿರುತ್ತಾರೆ. ಸೆಲ್ಫ್ ಮೋಟಾರಿನ ಕರೆಂಟ್ ಮರಳಿ ಬರುವ ರಾಜಮಾರ್ಗ ಅದು. ಎಣ್ಣೆ, ಕೆಸರು, ವಯಸ್ಸು ಮೂರೂ ಸೇರಿ ಅದನ್ನು ತಿಂದುಹಾಕುತ್ತವೆ. ಅದು ಕೈಕೊಟ್ಟರೆ ಕರೆಂಟ್ ಎಂಜಿನ್ನಿಗೂ ಚಾಸಿಗೂ ಮಧ್ಯೆ ಇರುವ ಬೇರೆ ಲೋಹವನ್ನು ಹುಡುಕುತ್ತದೆ. ಒಂದು ತುದಿ ಗೇರ್ ಬಾಕ್ಸಿನಲ್ಲಿ, ಇನ್ನೊಂದು ತುದಿ ಪೆಡಲಿನ ಬ್ರ್ಯಾಕೆಟ್ಟಿನಲ್ಲಿ ಇರುವ ಉಕ್ಕಿನ ಹಗ್ಗ ಯಾವುದು ಹೇಳಿ? ಕ್ಲಚ್ ಕೇಬಲ್! ಪಾಪ, ಅದು ಕಾಲಿನ ಒತ್ತಡ ಸಾಗಿಸಲು ಇರುವುದು, ಕರೆಂಟ್ ಹೊರಲು ಅಲ್ಲ. ಕಾದು ಕೆಂಡವಾಗುತ್ತದೆ, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಅಂಟಿಕೊಳ್ಳುತ್ತದೆ, ಪೆಡಲ್ ಬಿಗಿಯಾಗುತ್ತದೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಗಾಡಿ ಓಡಿಸುವಾಗ, ಏರಿನಲ್ಲಿ ಬರಬೇಕು. ನಿಂತ ಕಾರಿನಲ್ಲಿ, ಕೀಲಿ ತಿರುಗಿಸಿದಾಗ ಬರುವುದಲ್ಲ.

ಉಳಿದ ಸಾಕ್ಷಿಗಳೂ ಇದೇ ಮಾತು ಹೇಳುತ್ತವೆ. ತಳ್ಳಿದರೆ ತಕ್ಷಣ ಏಳುತ್ತದೆ ಎಂದರೆ ಪೆಟ್ರೋಲ್, ಸ್ಪಾರ್ಕ್ ಎರಡೂ ಸರಿ. ಬ್ಯಾಟರಿಯೇ ಸತ್ತಿದ್ದರೆ ಕೀಲಿ ತಿರುಗಿಸಿದಾಗ ಹೆಡ್‌ಲೈಟ್ ಕಣ್ಣು ಮುಚ್ಚಬೇಕಿತ್ತು, ‘ಟಕಟಕಟಕ’ ಎಂದು ಸದ್ದು ಸುರಿಯಬೇಕಿತ್ತು. ನಿಮ್ಮದು ಒಂದೇ ‘ಟಕ್’. ದೀಪದ ಕರೆಂಟ್ ಚಾಸಿಯಿಂದ ನೇರವಾಗಿ ಬ್ಯಾಟರಿಗೆ ಹೋಗುವುದರಿಂದ ಎಂಜಿನ್ ಪಟ್ಟಿ ಕೆಟ್ಟದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ಟ್ಯಾಕ್ಸಿಯವರು ಮೈನಸ್‌ನ ಕಪ್ಪು ಕ್ಲಿಪ್ಪನ್ನು ಎಲ್ಲಿ ಕಚ್ಚಿಸಿದ್ದರು, ನೆನಪಿಸಿಕೊಳ್ಳಿ. ಎಂಜಿನ್ನಿನ ಲೋಹಕ್ಕೇ ಇರಬೇಕು. ಜಂಪ್ ಮಾಡುವ ಸರಿಯಾದ ಕ್ರಮವೂ ಅದೇ. ತಮಗರಿವಿಲ್ಲದೆಯೇ ಅವರು ನಿಮ್ಮ ಕಾರಿಗೆ ಹೊಸ ಅರ್ತ್ ಕೊಟ್ಟರು. ಮೆಕ್ಯಾನಿಕ್ ಬ್ಯಾಟರಿಯಿಂದ ಬ್ಯಾಟರಿಗೆ ಕೊಟ್ಟಿರುತ್ತಾರೆ. ಬಲ ಹೆಚ್ಚಿತು, ದಾರಿ ಮುಚ್ಚಿಯೇ ಇತ್ತು.

ಹಾಗಾದರೆ ಹೊಸ ಬ್ಯಾಟರಿ ಹಾಕಿದಾಗ ಕೆಲವು ದಿನ ಮಾತ್ರ ಏಕೆ ನಡೆಯಿತು ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು. ಆ ಪಟ್ಟಿಯ ಸಂಪರ್ಕದಲ್ಲಿ 0.1 ಓಮ್ ತಡೆ ಇದೆ ಎಂದುಕೊಳ್ಳಿ. ಕೇಳಲು ಏನೂ ಅಲ್ಲ. ಆದರೆ ಸೆಲ್ಫ್ ಮೋಟಾರ್ 100 ಆಂಪಿಯರ್‌ಗಿಂತ ಹೆಚ್ಚು ಎಳೆಯುವ ಆಸಾಮಿ. 100 ಆಂಪಿಯರ್ ಹರಿಯಬೇಕಾದರೆ ಆ ಒಂದು ಸಂಪರ್ಕವೇ 10 ವೋಲ್ಟ್ ನುಂಗಬೇಕು. 12ರಲ್ಲಿ 10 ಹೋದರೆ ಮೋಟಾರಿಗೆ ಉಳಿದದ್ದೇನು? ಇನ್ನು ಎಂಜಿನ್ ಓಡುವಾಗ ಡೈನಮೋ ಚಾರ್ಜ್ ಮಾಡುವುದೂ ಇದೇ ದಾರಿಯಲ್ಲಿ. 20 ಆಂಪಿಯರ್ ಹರಿದರೆ 2 ವೋಲ್ಟ್ ಅಲ್ಲೇ ಸೋರಿತು. ಡೈನಮೋ 14 ವೋಲ್ಟ್ ಕೊಟ್ಟರೂ ಬ್ಯಾಟರಿಗೆ ಮುಟ್ಟುವುದು 12. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ. ತುಂಬಿದ ಬ್ಯಾಟರಿಯೇ ಸುಮ್ಮನಿದ್ದಾಗ 12.6 ತೋರಿಸುತ್ತದೆ. ಮೂರು ವಾರ ನಡೆದದ್ದು, ನಾಲ್ಕು ದಿನ ನಡೆದದ್ದು ಎಲ್ಲ ಅಂಗಡಿಯಲ್ಲಿ ತುಂಬಿಸಿ ಕೊಟ್ಟ ಚಾರ್ಜಿನಿಂದ. ದಿನಗಳು ಕಡಿಮೆಯಾಗುತ್ತ ಬಂದದ್ದು ಪಟ್ಟಿ ಸಾಯುತ್ತ ಬಂದದ್ದರ ಲೆಕ್ಕ.

ಈಗ ನೀವು ಮನೆಯಲ್ಲೇ ಮಾಡಬೇಕಾದದ್ದು. ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತನ್ನಿ. ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಜಂಪ್ ಕೇಬಲ್ಲಿನ ಕಪ್ಪು ತಂತಿ ಒಂದನ್ನೇ ತೆಗೆದುಕೊಂಡು ಒಂದು ತುದಿಯನ್ನು ನಿಮ್ಮದೇ ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ದಪ್ಪ ಲೋಹಕ್ಕೆ ಕಚ್ಚಿಸಿ. ಬೇರೆ ಕಾರು ಬೇಡ. ಫ್ಯಾನು, ಬೆಲ್ಟಿನಿಂದ ತಂತಿ ದೂರವಿರಲಿ. ಕೀಲಿ ತಿರುಗಿಸಿ. ಎದ್ದರೆ ಈ ಪತ್ರ ಅಲ್ಲಿಗೇ ಮುಗಿಯಿತು. ಮಲ್ಟಿಮೀಟರ್ ಇದ್ದರೆ ಇನ್ನೂ ಚೆನ್ನ: ಈ ತಂತಿ ಇಲ್ಲದೆ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಸೀಸದ ಗೂಟಕ್ಕೆ, ಇನ್ನೊಂದನ್ನು ಎಂಜಿನ್ನಿಗೆ ಹಿಡಿದು ಇನ್ನೊಬ್ಬರಿಂದ ಕೀಲಿ ತಿರುಗಿಸಿ. 0.2, 0.3 ವೋಲ್ಟ್ ಬಂದರೆ ಅರ್ತ್ ಸರಿಯಿದೆ, ನಾನು ಸೋತೆ. ಎರಡು, ಮೂರು ಅಥವಾ ಅದಕ್ಕೂ ಹೆಚ್ಚು ಬಂದರೆ ಕಳ್ಳ ಸಿಕ್ಕಿದ.

ದುರಸ್ತಿಗೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಜೋಡಿಸುವಾಗ ಅದು ಕೊನೆಗೆ. ಹೊಸ ಪಟ್ಟಿ ಕಿರುಬೆರಳಿನಷ್ಟಾದರೂ ದಪ್ಪವಿರಲಿ. ಚಾಸಿಯಲ್ಲಿ ಬೋಲ್ಟ್ ಕೂರುವ ಜಾಗದ ಬಣ್ಣವನ್ನು ಎಮರಿ ಕಾಗದದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮೇಲಿಂದ ವ್ಯಾಸಲೀನ್ ಸವರಿ, ಮುಂಚೆ ಅಲ್ಲ. ಬ್ಯಾಟರಿಯಿಂದ ಚಾಸಿಗೆ ಬರುವ ತಂತಿಯ ಎರಡೂ ತುದಿಗಳಿಗೆ ಇದೇ ಉಪಚಾರ. ಕ್ಲಚ್ ಕೇಬಲ್ ಕೂಡ ಹೊಸದು ಹಾಕಿಸಿ. ಪ್ಲೇಟನ್ನು ಯಾರೂ ಮುಟ್ಟುವುದು ಬೇಡ. ಇಷ್ಟೂ ಸಾಮಾನು ಸೇರಿ ನೀವು ಕೊಂಡ ಒಂದು ಬ್ಯಾಟರಿಯ ಬೆಲೆ ಆಗದು.

ನಿಮ್ಮ ಮೆಕ್ಯಾನಿಕ್ಕನ್ನು ಬೈಯಬೇಡಿ. ಎಲ್ಲರೂ ಪ್ಲಸ್ ತಂತಿಯ ಹಿಂದೆಯೇ ಓಡುತ್ತಾರೆ, ನಾನೂ ಹಾಗೇ ಓಡಿದವನು. ನನ್ನ ಚಿಕ್ಕಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಅಂಗಡಿ ತೆರೆದ ಹೊಸತರಲ್ಲಿ ನಾನು ಒಂದು ಟೆಂಪೋಗೆ ಮೂರು ಸಲ ಸೆಲ್ಫ್ ಬದಲಿಸಿ ಬೆವರುತ್ತಿದ್ದಾಗ ಅವರು ಬಂದು ನಿಂತರು, ಕೈ ಕೊಳೆ ಮಾಡಿಕೊಳ್ಳದೆ ಬಿಳಿ ಕರವಸ್ತ್ರದಿಂದ ಅರ್ತ್ ಬೋಲ್ಟ್ ಒರೆಸಿ, ಆ ಕೊಳೆಯನ್ನು ನನಗೆ ತೋರಿಸಿದರು. ಒಂದು ಮಾತೂ ಆಡಲಿಲ್ಲ. ಆ ಟೆಂಪೋದ ಮೂರು ಸೆಲ್ಫಿನ ದುಡ್ಡು ನನ್ನ ಕೈಯಿಂದಲೇ ಹೋಯಿತು.

ಪ್ರಶ್ನೆ: ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಬೂಷ್ಟು ಬರುತ್ತದೆ. ಅಡುಗೆ ಸೋಡಾ ಹಾಕಬಹುದೇ?
— ಓದುಗರು, ಮಧುಗಿರಿ

ಉತ್ತರ: ಹಾಕಬಹುದು. ಅದು ಆಸಿಡ್‌ನ ಕೆಲಸ, ಸೋಡಾ ಅದನ್ನು ಕೊಲ್ಲುತ್ತದೆ. ಟರ್ಮಿನಲ್ ಬಿಚ್ಚಿ, ನೀರಿನಲ್ಲಿ ಕರಗಿಸಿದ ಸೋಡಾದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಮಾತ್ರ ಇಳಿಯಬಾರದು. ಬಿಸಿನೀರು ಸುರಿದು ಬೂಷ್ಟು ತೊಳೆಯುವವರನ್ನು ಕಂಡಿದ್ದೇನೆ. ತೊಳೆದದ್ದು ಕೆಳಗಿನ ತಗಡಿನ ಮೇಲೆ ಹರಿದು ಅದನ್ನು ತಿನ್ನುತ್ತದೆ.

ಪ್ರಶ್ನೆ: ಮಗ ವಿದೇಶಕ್ಕೆ ಹೋಗುವಾಗ ತನ್ನ ದುಬಾರಿ ಆಟೊಮ್ಯಾಟಿಕ್ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲಿ ಬಿಟ್ಟು ಹೋದ. ಮೂರು ತಿಂಗಳಾಯಿತು, ಈಗ ರಿಮೋಟ್ ಒತ್ತಿದರೆ ಬಾಗಿಲೇ ತೆರೆಯದು. ತಳ್ಳಿ ಸ್ಟಾರ್ಟ್ ಮಾಡಿಸಲೇ?
— ಓದುಗರು, ಗುಬ್ಬಿ

ಉತ್ತರ: ಆಟೊಮ್ಯಾಟಿಕ್ ಗೇರಿನ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು, ಹುಡುಗರನ್ನು ಕರೆಯಬೇಡಿ. ರಿಮೋಟಿನ ಹೊಟ್ಟೆಯಲ್ಲಿ ಸಣ್ಣ ಕಬ್ಬಿಣದ ಕೀಲಿ ಅಡಗಿರುತ್ತದೆ, ಅದರಿಂದ ಬಾಗಿಲು ತೆರೆಯಿರಿ. ಇಂತಹ ಎಷ್ಟೋ ಕಾರುಗಳಲ್ಲಿ ಬ್ಯಾಟರಿ ಹಿಂದಿನ ಡಿಕ್ಕಿಯಲ್ಲಿ ಇರುತ್ತದೆ, ಜಂಪ್ ಮಾಡಲು ಬೇರೆ ಕಡೆ ಪ್ರತ್ಯೇಕ ಗುರುತು ಕೊಟ್ಟಿರುತ್ತಾರೆ. ಕೈಪಿಡಿ ನೋಡದೆ ಯಾವ ಕ್ಲಿಪ್ಪನ್ನೂ ಕಚ್ಚಿಸಬೇಡಿ. ಪ್ಲಸ್ ಮೈನಸ್ ಅದಲುಬದಲಾದರೆ ಕಂಪ್ಯೂಟರ್ ಸುಟ್ಟು ಮಗನ ಜೊತೆ ಮಾತು ಬಿಡಬೇಕಾದೀತು. ನಿಂತ ಕಾರಿನ ಅಲಾರಂ, ಕಂಪ್ಯೂಟರ್‌ಗಳು ಹನಿಹನಿಯಾಗಿ ಬ್ಯಾಟರಿ ಕುಡಿಯುತ್ತಲೇ ಇರುತ್ತವೆ. ಮುಂದೆ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಹಾಗೇ ಬಿಡಬಹುದಾದ ಸಣ್ಣ ಬ್ಯಾಟರಿ ಚಾರ್ಜರ್ ಸಿಗುತ್ತದೆ, ಅದನ್ನು ಕೊಳ್ಳಿ.

ಪ್ರಶ್ನೆ: ಕಾರನ್ನು ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸುತ್ತೇವೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇಲಿ ಕಾಟ ಬಹಳ ಇದೆ.
— ಓದುಗರು, ತಿಪಟೂರು

ಉತ್ತರ: ಉತ್ತರವನ್ನು ನೀವೇ ಬರೆದಿದ್ದೀರಿ, ಇಲಿ ತಂತಿ ಕಡಿದಿರಬೇಕು. ಆದರೂ ಮನೆ ನಿಶ್ಶಬ್ದವಾಗಿರುವಾಗ ಕೀಲಿಯನ್ನು ಸ್ಟಾರ್ಟ್ ಆಗುವ ಒಂದು ಹೆಜ್ಜೆ ಮೊದಲು ನಿಲ್ಲಿಸಿ ಹಿಂದಿನ ಸೀಟಿನ ಕಡೆ ಕಿವಿಗೊಡಿ. ಎರಡು ಸೆಕೆಂಡ್ ‘ಝೂಂ’ ಎಂದರೆ ಪೆಟ್ರೋಲ್ ಪಂಪ್ ಬದುಕಿದೆ, ಎಂಜಿನ್ ಪಕ್ಕದ ಸೆನ್ಸರ್ ತಂತಿಗಳನ್ನು ನೋಡಿಸಿ. ಸದ್ದೇ ಇಲ್ಲದಿದ್ದರೆ ಮೊದಲು ಪಂಪಿನ ಫ್ಯೂಸ್, ರಿಲೇ, ಆಮೇಲೆ ತಂತಿ. ಕಡಿದ ತಂತಿಯನ್ನು ತಿರುಚಿ ಟೇಪ್ ಸುತ್ತಲು ಬಿಡಬೇಡಿ, ಬೆಸುಗೆ ಹಾಕಿಸಿ. ಕಾರನ್ನು ಅಂಗಳಕ್ಕೆ ತನ್ನಿ. ಕೊಬ್ಬರಿಯನ್ನು ಬೇರೆ ಕಡೆ ಇಡಿ ಎಂದು ತಿಪಟೂರಿನವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ.