ಮಂಜೇಶ್ವರದಲ್ಲಿ ಪಕ್ಷೇತರರು ಯಾಕೆ ಗೆಲ್ಲುತ್ತಿದ್ದರು?

ಕೇರಳದ ಉತ್ತರ ತುದಿಯ ಮಂಜೇಶ್ವರ ಕ್ಷೇತ್ರದ ಹಳೆಯ ಶಾಸಕರ ಪಟ್ಟಿಯಲ್ಲಿ ಕೆ. ಮಹಾಬಲ ಭಂಡಾರಿ ಅನ್ನುವ ಹೆಸರು ಕಂಡು ನಿಮಗೆ ಆಶ್ಚರ್ಯ ಆಗಿದೆ. ಪಕ್ಷವೇ ಇಲ್ಲದವರು ಮೂರು ಸಲ ಹೇಗೆ ಗೆದ್ದರು ಅಂತ ಕೇಳಿದ್ದೀರಿ. ಉತ್ತರ ಅವರಿಗಿಂತ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ.

1956ರ ಅಕ್ಟೋಬರ್ 31ರ ರಾತ್ರಿ ಮಲಗುವಾಗ ನಮ್ಮ ಹಿರಿಯರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಬೆಳಗಾಗುವಾಗ ಕೇರಳದವರು. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು, ಮಂಜೇಶ್ವರವೂ ಸೇರಿದ್ದ ಕಾಸರಗೋಡು ತಾಲೂಕು ಈಚೆ ಉಳಿಯಿತು. ಕಾಲೇಜು, ಆಸ್ಪತ್ರೆ, ಮದುವೆಯ ಜವಳಿ, ಎಲ್ಲಕ್ಕೂ ನಮಗೆ ಮಂಗಳೂರೇ. ರಾಜಧಾನಿ ತಿರುವನಂತಪುರಕ್ಕೆ ಹೋಗಬೇಕಾದರೆ ಇವತ್ತಿಗೂ ಗಂಟೆಗಟ್ಟಲೆ ರೈಲಲ್ಲಿ ಕೂರಬೇಕು.

ಕೆಲವೇ ತಿಂಗಳಲ್ಲಿ, 1957ರಲ್ಲಿ, ಕೇರಳದ ಮೊದಲ ಚುನಾವಣೆ ಬಂತು. ಮಂಜೇಶ್ವರದಲ್ಲಿ ಎಂ. ಉಮೇಶ ರಾವ್ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಅವರ ಹಿಂದೆ, ಕಾಸರಗೋಡು ಕನ್ನಡ ನಾಡಿಗೆ ಸೇರಬೇಕು ಅನ್ನುತ್ತಿದ್ದ ಕರ್ನಾಟಕ ಸಮಿತಿ ಇತ್ತು. ಎದುರಾಳಿಯೇ ಇಲ್ಲದೆ ಗೆದ್ದುಬಿಟ್ಟರು! ಊರು ಏನು ಹೇಳುತ್ತಿದೆ ಅನ್ನುವುದು ಅಷ್ಟರಲ್ಲೇ ಗೊತ್ತಾಯಿತು, ಅಲ್ವಾ?

1960ರಲ್ಲಿ ಮಹಾಬಲ ಭಂಡಾರಿ ಗೆದ್ದರು. ಆಗ ಜನ ರಸ್ತೆ, ಸೇತುವೆಗೆ ಅಂತ ಮತ ಹಾಕಿದ್ದಲ್ಲ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅನ್ನುವ ಒಂದೇ ಮಾತಿಗೆ ಮತ ಬಿತ್ತು. 1965ರಲ್ಲಿ ಅವರು ಮತ್ತೆ ಗೆದ್ದರು. ಆದರೆ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ, ಆ ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಗೆದ್ದೂ ಸದನದ ಒಳಗೆ ಕಾಲಿಡಲಾಗದ ಗೆಲುವು ಅದು. 1967ರಲ್ಲಿ ಮೂರನೇ ಸಲ ಗೆದ್ದರು.

ಅದೇ 1967ರ ಆಗಸ್ಟಿನಲ್ಲಿ, ರಾಜ್ಯಗಳ ಗಡಿ ವಿವಾದ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಅದರಲ್ಲಿತ್ತು. ನಮ್ಮ ಕಡೆಯ ಹಳಬರು ಈಗಲೂ 'ಮಹಾಜನ ವರದಿ' ಅನ್ನುವಾಗ ದನಿ ಸ್ವಲ್ಪ ಬದಲಾಗುತ್ತದೆ. ವರದಿ ಜಾರಿಯಾಗಲೇ ಇಲ್ಲ.

1970ರಲ್ಲಿ ಕ್ಷೇತ್ರ ಕಮ್ಯುನಿಸ್ಟ್ ಪಕ್ಷವಾದ ಸಿಪಿಐಗೆ ಹೋಯಿತು, ಎಂ. ರಾಮಪ್ಪ ಗೆದ್ದರು. ಕನ್ನಡದ ಮೇಲಿನ ಪ್ರೀತಿ ಕಮ್ಮಿಯಾಯಿತು ಅಂತ ಇದನ್ನು ಓದಬೇಡಿ. ಆ ವರ್ಷದ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿತ್ತು. ಚಾಲಗೇಣಿಗೆ, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ, ದುಡಿಯುತ್ತಿದ್ದ ಒಕ್ಕಲು ಮನೆಗಳಿಗೆ ಗದ್ದೆ, ತೋಟ ಸ್ವಂತವಾಗುವ ಹೊತ್ತು. ಹೊಟ್ಟೆಯ ಪ್ರಶ್ನೆ ಮುಂದೆ ಬಂತು ಅಂತ ನನಗನಿಸುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಪಕ್ಷದ ಬಲದಿಂದ ಇನ್ನೊಂದು ಲಾಭವೂ ಆಯಿತು. 1980ರಲ್ಲಿ ಗೆದ್ದ ಸಿಪಿಐಯ ಎ. ಸುಬ್ಬರಾವ್ ನೀರಾವರಿ ಮಂತ್ರಿಯಾದರು. ಒಂಟಿ ಪಕ್ಷೇತರರಿಗೆ ಆ ಕುರ್ಚಿ ಸಿಗುತ್ತಿರಲಿಲ್ಲ.

ಆಮೇಲಿನದು ನಿಮಗೆ ಪತ್ರಿಕೆಗಳಿಂದ ಗೊತ್ತಿರಬಹುದು. 1987ರಿಂದ ಸತತ ನಾಲ್ಕು ಸಲ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ. 2016ರಲ್ಲಿ ಅದೇ ಪಕ್ಷದ ಪಿ.ಬಿ. ಅಬ್ದುಲ್ ರಜಾಕ್ ಬರೀ 89 ಮತಗಳಿಂದ ಗೆದ್ದರು. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಟಿವಿ ಮುಂದೆ ಕೂತಿದ್ದ ನಮಗೆ, ಪಕ್ಷ ಯಾವುದೇ ಇರಲಿ, ಎದೆ ತುಂಬಿತು.

ಈಗ ವಿಲೀನದ ಹೆಸರಲ್ಲಿ ಮತ ಕೇಳಿದರೆ ಗೆಲ್ಲುವುದು ಕಷ್ಟ. ಆದರೆ ಭಂಡಾರಿಯವರ ಕಾಲದ ಪ್ರಶ್ನೆ ಪೂರ್ತಿ ಹೋಗಿಲ್ಲ, ಸಣ್ಣದಾಗಿ ಮನೆ ಬಾಗಿಲಿಗೆ ಬಂದಿದೆ. ಮತ ಕೇಳಲು ಯಾರೇ ಬರಲಿ, ನಮ್ಮ ಜಗಲಿಯಲ್ಲಿ ಅವರಿಗೆ ಸಿಗುವ ಮೊದಲ ಪ್ರಶ್ನೆ ಇದು: ಕನ್ನಡ ಶಾಲೆಗೆ ಕನ್ನಡ ಬರುವ ಮಾಸ್ಟ್ರನ್ನು ಕೊಡಿಸುತ್ತೀರಾ?