ಅರೆಹೊಟ್ಟೆಯ ಇಪ್ಪತ್ತು ಪಾರ್ಕ್‌ಗಳಿಗಿಂತ ಹೊಟ್ಟೆ ತುಂಬಿದ ಹತ್ತು ಮೇಲು

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ನಗರ ಕಟ್ಟುವ ಕಂಪ್ಯೂಟರ್ ಆಟವಾದ 2015ರ ಮೊದಲ ‘ಸಿಟೀಸ್ ಸ್ಕೈಲೈನ್ಸ್’ನಲ್ಲಿ ಸುಮಾರು ಹನ್ನೆರಡು ಸಾವಿರ ಜನರ ನಗರ ಕಟ್ಟಿದ್ದೀರಿ, ಮನೆಗಳು ಎರಡನೆಯ ಲೆವೆಲ್‌ನಲ್ಲೇ ನಿಂತುಬಿಟ್ಟಿದ್ದರಿಂದ ಒಂದೇ ಸಲಕ್ಕೆ ಇಪ್ಪತ್ತು ಪಾರ್ಕ್‌ಗಳನ್ನು ಹಾಕಿದಿರಿ, ಕೆಲವು ಮನೆಗಳು ಮೇಲೇರಿದವು, ಆದರೆ ವಾರದ ಆದಾಯ ಕೆಂಪಕ್ಷರಕ್ಕೆ ಇಳಿಯಿತು, ಗಾಬರಿಯಿಂದ ಪಾರ್ಕ್‌ಗಳ ಬಜೆಟ್ ಸ್ಲೈಡರನ್ನು ಶೇ 50ಕ್ಕೆ ತಂದಿರಿ, ಈಗ ಮೇಲೇರಿದ್ದ ಮನೆಗಳೇ ಜಾಗದ ಬೆಲೆ ಸಾಲದು ಎಂದು ದೂರುತ್ತಿವೆ. ಸಾಲ ತೆಗೆಯಲೇ, ತೆರಿಗೆ ಏರಿಸಲೇ, ಪಾರ್ಕ್‌ಗಳನ್ನು ಕೆಡವಲೇ ಎಂಬುದು ನಿಮ್ಮ ಪ್ರಶ್ನೆ.

ನನ್ನ ಉತ್ತರ: ಆಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸ್ಲೈಡರನ್ನು ಮತ್ತೆ 100ಕ್ಕೆ ತನ್ನಿ, ಅನಂತರ ಅರ್ಧದಷ್ಟು ಪಾರ್ಕ್‌ಗಳನ್ನು ಕೆಡವಿ. ಯಾವುದನ್ನು ಕೆಡವಬೇಕು, ಯಾವುದನ್ನು ಉಳಿಸಬೇಕು ಎಂಬುದರಲ್ಲಿಯೇ ಎಲ್ಲ ಜಾಣ್ಮೆ ಇರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಸ್ಲೈಡರ್‌ನ ಗುಟ್ಟನ್ನು ಹೇಳಬೇಕು. ಅರ್ಧ ಹಣ ಕೊಟ್ಟರೆ ಅರ್ಧ ಫಲ ಸಿಗುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ, ಆದರೆ ಈ ಆಟ ಹಾಗೆ ಲೆಕ್ಕ ಹಾಕುವುದಿಲ್ಲ. 100ಕ್ಕಿಂತ ಕೆಳಗೆ ಇಳಿದಾಗ ಫಲವು ಬಜೆಟ್‌ನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಕುಸಿಯುತ್ತದೆ: ಶೇ 90 ಕೊಟ್ಟರೆ ಶೇ 81, ಶೇ 70 ಕೊಟ್ಟರೆ ಶೇ 49, ಶೇ 50 ಕೊಟ್ಟರೆ ಬರೀ ಶೇ 25. ಲೆಕ್ಕಕ್ಕೆ ಸುಲಭವಾಗಲೆಂದು ನಿಮ್ಮ ಒಂದೊಂದು ಪಾರ್ಕ್‌ಗೂ ವಾರಕ್ಕೆ 100 ಖರ್ಚಾಗುತ್ತದೆ ಎಂದುಕೊಳ್ಳೋಣ. ಇಪ್ಪತ್ತು ಪಾರ್ಕ್‌ಗಳನ್ನು ಅರ್ಧ ಬಜೆಟ್‌ನಲ್ಲಿ ಇಟ್ಟುಕೊಂಡರೆ 1000 ಖರ್ಚು ಮಾಡಿ ಐದು ಪಾರ್ಕ್‌ಗಳಷ್ಟು ಫಲ ಪಡೆಯುತ್ತೀರಿ. ಅದೇ 1000ವನ್ನು ಹತ್ತು ಪಾರ್ಕ್‌ಗಳಿಗೆ ಪೂರ್ತಿ ಕೊಟ್ಟರೆ ಹತ್ತರ ಫಲವೂ ನಿಮ್ಮದು. ಮೇಲ್ಮುಖವಾಗಿಯೂ ಇದೇ ಕಥೆ: ಶೇ 150 ಸುರಿದರೆ ಸಿಗುವುದು ಶೇ 125 ಮಾತ್ರ. ಶೇ 120ರವರೆಗೆ ಹೋದರೆ ಶೇ 116 ಬರುವುದರಿಂದ ಅಷ್ಟು ನಷ್ಟವಿಲ್ಲ, ಆದರೆ ಕೆಂಪು ಆದಾಯದಲ್ಲಿರುವವರು ಅತ್ತ ನೋಡುವುದೇ ಬೇಡ. ಒಟ್ಟಿನಲ್ಲಿ ಪಾರ್ಕ್‌ಗಳ ಮಟ್ಟಿಗೆ ಆ ಸ್ಲೈಡರನ್ನು ಮುಟ್ಟದಿರುವುದೇ ಲೇಸು ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ಕಾಲವಾಯಿತು. ಪವರ್ ಪ್ಲಾಂಟ್‌ನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ ಮಿಕ್ಕುತ್ತಿದ್ದರೆ ಅಲ್ಲಿ ಇಳಿಸಬಹುದು. ಪಾರ್ಕ್‌ನಲ್ಲಿ ಮಿಕ್ಕಿದ್ದನ್ನು ಇಳಿಸುವ ದಾರಿಯೆಂದರೆ ಪಾರ್ಕನ್ನೇ ತೆಗೆಯುವುದು.

ಇನ್ನು ಪಾರ್ಕ್ ನಮಗೆ ಏನನ್ನು ದುಡಿದು ಕೊಡುತ್ತದೆ ಎಂಬ ವಿಚಾರ. ಮೂಲ ಆಟದ ಪಾರ್ಕ್ ನೇರವಾಗಿ ಖಜಾನೆಗೆ ಹಣ ತರುವುದಿಲ್ಲ. ಅದು ಸುತ್ತಲಿನವರಿಗೆ ಮನರಂಜನೆ ಒದಗಿಸಿ ಜಾಗದ ಬೆಲೆಯನ್ನು ಏರಿಸುತ್ತದೆ. ಜಾಗದ ಬೆಲೆ ಏರಿದಾಗ ಮನೆಗಳ ಲೆವೆಲ್ ಏರುತ್ತದೆ. ಮೇಲಿನ ಲೆವೆಲ್‌ನ ಮನೆಗಳು ಹೆಚ್ಚು ತೆರಿಗೆ ಕೊಡುತ್ತವೆ. ಈ ಸರಪಳಿಯ ನಡುವೆ ಒಂದು ಕೊಂಡಿ ಕಳಚಿದ್ದರೂ ಪಾರ್ಕ್ ಬರೀ ಖರ್ಚಿನ ಬಾಬ್ತಾಗಿ ಉಳಿಯುತ್ತದೆ, ಮತ್ತು ಸಾಮಾನ್ಯವಾಗಿ ಕಳಚಿರುವ ಕೊಂಡಿ ಶಿಕ್ಷಣದ್ದು. ಯಾವುದಾದರೂ ಒಂದು ಮನೆಯ ಮೇಲೆ ಕ್ಲಿಕ್ ಮಾಡಿ ನೋಡಿ. ಅದರ ಲೆವೆಲ್ ಏರಲು ಎರಡು ಸಂಗತಿಗಳು ಬೇಕು, ಒಂದು ನಿವಾಸಿಗಳ ಶಿಕ್ಷಣ, ಇನ್ನೊಂದು ಜಾಗದ ಬೆಲೆ. ಜಾಗದ ಬೆಲೆ ತುಂಬಿ ಶಿಕ್ಷಣ ಅರ್ಧಕ್ಕೇ ನಿಂತಿದ್ದರೆ ಅಲ್ಲಿ ಇನ್ನೂ ನಾಲ್ಕು ಪಾರ್ಕ್ ಹಾಕಿದರೂ ಮನೆ ಒಂದಂಗುಲ ಮೇಲೇರುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ನಗರವನ್ನೇ ಕಳೆದುಕೊಂಡು. ನದಿಯಾಚೆ ಒಂದು ಬಡಾವಣೆ ಕಟ್ಟಿ, ಪ್ರಾಥಮಿಕ ಶಾಲೆಯೊಂದನ್ನು ಮಾತ್ರ ಕೊಟ್ಟು, ಮನೆಗಳು ಮೇಲೇರುತ್ತಿಲ್ಲವಲ್ಲ ಎಂದು ಬೀದಿಗೊಂದರಂತೆ ಪಾರ್ಕ್ ಹಾಕುತ್ತ ಹೋದೆ. ಹೈಸ್ಕೂಲ್ ಹೊಳೆಯ ಈಚೆಗಿತ್ತು, ಅದರಲ್ಲೂ ಸೀಟುಗಳು ಭರ್ತಿಯಾಗಿದ್ದವು. ಇದು ನನ್ನ ಗಮನಕ್ಕೆ ಬರುವ ವೇಳೆಗೆ ಎರಡು ಸಾಲಗಳು ತಲೆಯ ಮೇಲಿದ್ದವು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು: ಶಾಲೆ ಕಟ್ಟಿದ ಮರುದಿನವೇ ಶಿಕ್ಷಣದ ಮಟ್ಟ ಏರುವುದಿಲ್ಲ, ಮಕ್ಕಳು ಓದಿ ಮುಗಿಸಿ ದೊಡ್ಡವರಾಗಬೇಕು. ಆದ್ದರಿಂದ ಹೊಸ ಬಡಾವಣೆಯಲ್ಲಿ ಶಾಲೆ ಮೊದಲು ಬರಬೇಕು, ಪಾರ್ಕ್ ನಿಧಾನವಾಗಿ ಬಂದರೂ ನಡೆಯುತ್ತದೆ.

ನಿಮ್ಮ ಇಪ್ಪತ್ತರಲ್ಲಿ ಯಾವ ಹತ್ತನ್ನು ಉಳಿಸಬೇಕು ಎಂಬ ಪ್ರಶ್ನೆಗೆ ಈಗ ಬರೋಣ. ಪಾರ್ಕ್‌ಗಳ ಪರಿಣಾಮವನ್ನು ತೋರಿಸುವ ಮಾಹಿತಿ ನೋಟವನ್ನು ತೆರೆದರೆ ರಸ್ತೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಒಂದೇ ಕಡೆ ಕಡುಹಸಿರು ಕವಿದಿದ್ದು ಇನ್ನೊಂದು ಕಡೆ ಏನೂ ಇಲ್ಲದಿದ್ದರೆ, ಕಡುಹಸಿರಿನ ನಡುವಿನ ಪಾರ್ಕ್‌ಗಳೇ ನಿಮ್ಮ ಹಣವನ್ನು ತಿನ್ನುತ್ತಿರುವವು. ಒಂದೇ ಜಾಗದಲ್ಲಿ ಮೊದಲ ಪಾರ್ಕ್ ತರುವಷ್ಟು ಲಾಭವನ್ನು ಎರಡನೆಯದು ತರುವುದಿಲ್ಲ, ಮೂರನೆಯದು ಇನ್ನೂ ಕಡಿಮೆ, ಆದರೆ ನಿರ್ವಹಣಾ ವೆಚ್ಚ ಮಾತ್ರ ಮೂರಕ್ಕೂ ಪೂರ್ತಿಯಾಗಿ ಬೀಳುತ್ತದೆ. ಆದ್ದರಿಂದ ಮೊದಲು ಒಂದರ ಮೇಲೊಂದು ಕವಿದಿರುವವುಗಳನ್ನು ತೆಗೆಯಿರಿ. ಅನಂತರ ಶಿಕ್ಷಣ ಇನ್ನೂ ತಲುಪದ ಬೀದಿಗಳ ಪಾರ್ಕ್‌ಗಳನ್ನು ತೆಗೆಯಿರಿ. ಎತ್ತರದ ಕಟ್ಟಡಗಳಿರುವ ಬೀದಿಯ ಪಾರ್ಕ್‌ಗಳನ್ನು ಮಾತ್ರ ಕೊನೆಯವರೆಗೂ ಉಳಿಸಿಕೊಳ್ಳಿ, ಏಕೆಂದರೆ ಅದೇ ವೆಚ್ಚದ ಪಾರ್ಕ್ ಅಲ್ಲಿ ಹತ್ತು ಪಟ್ಟು ಸಂಸಾರಗಳಿಗೆ ಒದಗಬಲ್ಲದು.

ಕೆಡವುವಾಗ ಎರಡು ಎಚ್ಚರಿಕೆಗಳಿರಲಿ. ಈಚೆಗಷ್ಟೇ ಕಟ್ಟಿದ್ದನ್ನು ಕೆಡವಿದರೆ ಕಟ್ಟಿದ ಹಣದ ಒಂದು ಪಾಲು ಹಿಂದಿರುಗುತ್ತದೆ, ಹಳೆಯದಕ್ಕೆ ಆ ಭಾಗ್ಯವಿಲ್ಲ; ಆದ್ದರಿಂದ ಹಳೆಯ ಪಾರ್ಕ್ ತಪ್ಪು ಜಾಗದಲ್ಲಿದೆ ಎನ್ನಿಸಿದರೆ ಕೆಡವಿ ಮತ್ತೆ ಕಟ್ಟುವ ಬದಲು ಅದರ ಪ್ಯಾನೆಲ್‌ನಲ್ಲಿರುವ ಸ್ಥಳಾಂತರದ ಬಟನ್ ಬಳಸಿ, ಅಗ್ಗವಾಗುತ್ತದೆ. ಎರಡನೆಯದು, ಈಗಾಗಲೇ ಮೇಲೇರಿರುವ ಮನೆಗಳ ಪಕ್ಕದ ಪಾರ್ಕನ್ನು ಮುಟ್ಟುವ ಮುನ್ನ ಯೋಚಿಸಿ. ಈ ಆಟದಲ್ಲಿ ಮನೆ ಒಮ್ಮೆ ಮೇಲೇರಿದರೆ ಹಳೆಯ ಲೆವೆಲ್‌ಗೆ ಸದ್ದಿಲ್ಲದೆ ಇಳಿದುಕೊಳ್ಳುವುದಿಲ್ಲ. ತನ್ನ ಲೆವೆಲ್‌ಗೆ ತಕ್ಕ ಜಾಗದ ಬೆಲೆ ಇಲ್ಲವೆಂದು ದೂರುತ್ತದೆ, ದೂರು ಬಗೆಹರಿಯದಿದ್ದರೆ ಕೊನೆಗೆ ಖಾಲಿ ಬೀಳುತ್ತದೆ. ನಿಮ್ಮ ನಗರದಲ್ಲಿ ಈಗ ಕಾಣುತ್ತಿರುವ ಐಕಾನ್‌ಗಳು ಅವೇ ಇರಬೇಕು. ಸ್ಲೈಡರ್ 100ಕ್ಕೆ ಬಂದ ಕೆಲವು ವಾರಗಳಲ್ಲಿ ಅವುಗಳಲ್ಲಿ ಬಹುಪಾಲು ತಾವಾಗಿಯೇ ಮಾಯವಾದಾವು.

ವಾಣಿಜ್ಯ ವಲಯಕ್ಕೂ ಜಾಗದ ಬೆಲೆ ಬೇಕಾಗಿರುವುದರಿಂದ ಮನೆಗಳ ಸಾಲು ಮುಗಿದು ಅಂಗಡಿಗಳ ಸಾಲು ಆರಂಭವಾಗುವ ಗಡಿಯಲ್ಲಿ ಹಾಕಿದ ಪಾರ್ಕ್ ಎರಡೂ ಕಡೆಗೆ ದುಡಿಯುತ್ತದೆ. ನನಗೆ ಅತ್ಯಂತ ಇಷ್ಟವಾದ ಜಾಗ ಅದೇ. ಆದರೆ ಜನರನ್ನು ಹೆಚ್ಚಾಗಿ ಸೆಳೆಯುವ ದೊಡ್ಡ ಪಾರ್ಕನ್ನು ಇಕ್ಕಟ್ಟಾದ ಎರಡು ಪಥಗಳ ರಸ್ತೆಯಲ್ಲಿ ಇಡಬೇಡಿ. ಬರುವವರೆಲ್ಲ ಕಾರಿನಲ್ಲೇ ಬಂದು ಇಡೀ ಬೀದಿ ಕಟ್ಟಿಕೊಳ್ಳುತ್ತದೆ. ಕೈಗಾರಿಕಾ ವಲಯದ ಮಾತು ಬೇರೆ. ಅಲ್ಲಿ ಮೊದಲು ಬೇಕಾದದ್ದು ಅಗ್ನಿಶಾಮಕ, ಪೊಲೀಸ್, ಸಾರಿಗೆ ಮತ್ತು ಓದಿದ ಕೆಲಸಗಾರರು. ಹಣ ತುಂಬಿ ತುಳುಕುವವರೆಗೆ ಅಲ್ಲಿ ಪಾರ್ಕ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಲವರು ಮಾಲಿನ್ಯ ತಗ್ಗಲೆಂದು ಕಾರ್ಖಾನೆಗಳ ನಡುವೆ ಪಾರ್ಕ್ ಹಾಕುತ್ತಾರೆ, ಆದರೆ ಕೆಟ್ಟ ನೆಲವನ್ನು ಪಾರ್ಕ್ ಶುದ್ಧ ಮಾಡುವುದಿಲ್ಲ.

ಹಸಿರು ಬೇಕು, ಆದರೆ ವಾರದ ಖರ್ಚು ಬೇಡ ಎನ್ನುವವರಿಗೆ ಮರಗಳಿವೆ. ಮರ ನೆಡುವಾಗ ಒಮ್ಮೆ ಚಿಲ್ಲರೆ ಹಣ ಹೋಗುತ್ತದೆ, ಆಮೇಲೆ ನಿರ್ವಹಣೆಯ ಖರ್ಚಿಲ್ಲ, ಜೊತೆಗೆ ಅವು ಶಬ್ದಮಾಲಿನ್ಯವನ್ನು ತಗ್ಗಿಸುತ್ತವೆ. ಪಾರ್ಕ್ ತೆಗೆದ ಜಾಗವನ್ನು ಬೋಳಾಗಿ ಬಿಡಲು ಮನಸ್ಸಾಗದಿದ್ದರೆ, ಅದರಲ್ಲೂ ಅದು ಹೆದ್ದಾರಿಗೋ ಅಂಗಡಿ ಸಾಲಿಗೋ ಹತ್ತಿರವಿದ್ದರೆ, ಅಲ್ಲಿ ಒತ್ತಾಗಿ ಮರಗಳನ್ನು ನೆಟ್ಟುಬಿಡಿ. ಮರ ಪಾರ್ಕ್‌ನ ಮನರಂಜನೆಯನ್ನು ಕೊಡಲಾರದು ಎಂಬುದು ನಿಜ. ಆದರೆ ಗದ್ದಲದಿಂದ ಬೇಸತ್ತ ಮನೆಗೆ ಪಾರ್ಕ್‌ಗಿಂತ ಮರವೇ ಮದ್ದು.

ತೆರಿಗೆಯ ವಿಚಾರದಲ್ಲಿ ನಿಮಗೆ ಇನ್ನೂ ಜಾಗವಿದೆ. ಆಟ ಆರಂಭವಾಗುವಾಗ ಎಲ್ಲ ವಲಯಗಳಿಗೂ ಶೇ 9 ಇರುತ್ತದೆ, ನೀವು ಅದನ್ನು ಮುಟ್ಟಿಲ್ಲವೆಂದು ಬರೆದಿದ್ದೀರಿ. ನನ್ನ ಅನುಭವದಲ್ಲಿ ಶೇ 11ರಿಂದ 12ರವರೆಗೆ ಜನ ಹೆಚ್ಚು ಗೊಣಗುವುದಿಲ್ಲ, ಅದರಾಚೆಗೆ ದೂರುಗಳು ಆರಂಭವಾಗುತ್ತವೆ. ಒಂದೊಂದೇ ಅಂಕ ಏರಿಸಿ, ಪ್ರತಿ ಸಲವೂ ಕೆಲವು ವಾರ ಕಾದು ನೋಡಿ. ವಾರದ ಆದಾಯದ ಅಂಕಿ ಯಾವಾಗಲೂ ಮೇಲೆ ಕೆಳಗೆ ಕುಣಿಯುತ್ತಿರುವುದರಿಂದ ಒಂದು ಕ್ಷಣದ ಅಂಕಿ ನೋಡಿ ನಿರ್ಧರಿಸಬಾರದು. ಸಾಲವನ್ನು ಪಾರ್ಕ್‌ಗಾಗಿ ತೆಗೆಯಬೇಡಿ. ಸಾಲದ ಕಂತು ಮೊದಲ ವಾರದಿಂದಲೇ ಹೋಗುತ್ತದೆ, ಪಾರ್ಕ್‌ನ ಲಾಭ ಮನೆಗಳು ಮೇಲೇರಿದ ಮೇಲೆ ಬರುತ್ತದೆ. ಈ ಎರಡರ ನಡುವಿನ ಕಾಲವನ್ನು ದಾಟಿಸುವ ಹಣ ಇಲ್ಲದ್ದರಿಂದಲೇ ಅಲ್ಲವೇ ನೀವು ಈಗ ಇಕ್ಕಟ್ಟಿನಲ್ಲಿರುವುದು? ಜನಸಂಖ್ಯೆಯ ಒಂದೊಂದು ಮೈಲಿಗಲ್ಲನ್ನು ಮುಟ್ಟಿದಾಗ ಆಟ ಕೊಡುವ ಬಹುಮಾನದ ಹಣವೂ ಹಾಗೆಯೇ ಮೋಸ ಮಾಡುತ್ತದೆ. ಅದು ಒಂದೇ ಸಲ ಬರುವ ಹಣ, ಪಾರ್ಕ್‌ನದು ಪ್ರತಿವಾರದ ಖರ್ಚು. ಪಾರ್ಕನ್ನು ಆರಿಸುವಾಗ ಕಟ್ಟುವ ವೆಚ್ಚದ ಜೊತೆಗೆ ವಾರದ ವೆಚ್ಚವೂ ಕಾಣುತ್ತದೆ. ನಾನು ಮೊದಲನೆಯದನ್ನು ನೋಡುವುದನ್ನೇ ಬಿಟ್ಟಿದ್ದೇನೆ.

ಹಳೆಯ ಆಟಗಳಿಂದ ಬಂದವರು ಇಲ್ಲಿ ಎಡವುವುದು ಹೆಚ್ಚು ಎಂದು ನನಗೆ ಅನ್ನಿಸುತ್ತದೆ. 1989ರ ‘ಸಿಮ್‌ಸಿಟಿ’ಯಲ್ಲಿ ಪಾರ್ಕ್‌ನ ಒಂದು ಚೌಕಕ್ಕೆ ಬರೀ 10 ಡಾಲರ್, ಆಮೇಲೆ ವರ್ಷಪೂರ್ತಿ ಚಿಕ್ಕಾಸೂ ಖರ್ಚಿಲ್ಲ. ಆದ್ದರಿಂದ ಎಂಟು ವಲಯಗಳನ್ನು ಉಂಗುರದಂತೆ ಜೋಡಿಸಿ ನಡುವಿನ ಖಾಲಿ ಜಾಗವನ್ನೆಲ್ಲ ಪಾರ್ಕ್‌ನಿಂದ ತುಂಬುವುದು ಅಲ್ಲಿ ಜಾಣತನವೇ ಆಗಿತ್ತು. ಅದೇ ಕೈಚಳಕವನ್ನು ಇಲ್ಲಿ ತೋರಿಸಿದರೆ ಖಜಾನೆ ಉಳಿಯುವುದಿಲ್ಲ.

ನಿಮ್ಮಲ್ಲಿ 2018ರಲ್ಲಿ ಬಂದ ‘ಪಾರ್ಕ್‌ಲೈಫ್’ ಎಂಬ ಈ ಆಟದ ವಿಸ್ತರಣೆ ಇದ್ದರೆ ಮಾತ್ರ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದರಲ್ಲಿ ಜಿಲ್ಲೆಯ ಗಡಿ ಬಳಿಯುವಂತೆಯೇ ಪಾರ್ಕ್‌ನ ಗಡಿಯನ್ನೂ ಬಳಿದು, ಮುಖ್ಯದ್ವಾರ ಇಟ್ಟು, ಪ್ರವೇಶ ಶುಲ್ಕ ವಸೂಲು ಮಾಡಬಹುದು. ಸಂದರ್ಶಕರೂ ಮನರಂಜನೆಯೂ ಹೆಚ್ಚಿದಂತೆ ಆ ಪಾರ್ಕ್‌ನ ಲೆವೆಲ್ ಏರುತ್ತದೆ. ಸಿಟಿ ಪಾರ್ಕ್, ಅಮ್ಯೂಸ್‌ಮೆಂಟ್ ಪಾರ್ಕ್, ಮೃಗಾಲಯ, ಸಂರಕ್ಷಿತ ಅರಣ್ಯ ಎಂದು ಅದರಲ್ಲಿ ಬಗೆಗಳಿವೆ. ನೀವು ಒಂದೇ ಸಿಟಿ ಪಾರ್ಕ್‌ನಿಂದ ಆರಂಭಿಸಿ, ಅದರ ದ್ವಾರ ಬಸ್ ಅಥವಾ ಮೆಟ್ರೋ ನಿಲ್ದಾಣದ ಎದುರಿಗೇ ಬರುವಂತೆ ನೋಡಿಕೊಳ್ಳಿ, ಶುಲ್ಕವನ್ನು ಮೊದಮೊದಲು ಕಡಿಮೆ ಇಟ್ಟು ಜನ ಸೇರಿದ ಮೇಲೆ ಏರಿಸಿ. ಇದರಿಂದ ಬೊಕ್ಕಸ ತುಂಬುತ್ತದೆಂದು ಯಾರಾದರೂ ಹೇಳಿದರೆ ಅರ್ಧ ನಂಬಿ. ಚೆನ್ನಾಗಿ ನಡೆದಾಗ ತನ್ನ ಖರ್ಚನ್ನು ತಾನೇ ಹೊತ್ತುಕೊಳ್ಳುತ್ತದೆ, ಅಷ್ಟಾದರೆ ನನಗೆ ಸಾಕು.

ಹತ್ತು ಪಾರ್ಕ್‌ಗಳಿಗೆ ಇಳಿದು, ತೆರಿಗೆಯನ್ನು ಒಂದೆರಡು ಅಂಕ ಏರಿಸಿ, ಆದಾಯ ಮತ್ತೆ ಹಸಿರಿಗೆ ಬಂದ ಮೇಲೆ ಹೊಸ ಪಾರ್ಕ್ ಹಾಕುವ ಆಸೆ ಖಂಡಿತ ಬರುತ್ತದೆ. ಆಗ ಒಂದು ಸಲಕ್ಕೆ ಒಂದೇ ಹಾಕಿ, ಹಾಕುವ ಮುನ್ನ ಆ ಬೀದಿಯ ಐದಾರು ಮನೆಗಳ ಮೇಲೆ ಕ್ಲಿಕ್ ಮಾಡಿ, ಶಿಕ್ಷಣ ತುಂಬಿ ಜಾಗದ ಬೆಲೆಯೊಂದೇ ಕೊರತೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮನೆಗಳು ಮೇಲೇರಿ ಅವುಗಳ ತೆರಿಗೆ ಕೈಗೆ ಬಂದ ಮೇಲೆ ಮುಂದಿನದು.

ಸಾಧ್ಯವಾದರೆ ಎರಡು ಸ್ಕ್ರೀನ್‌ಶಾಟ್‌ಗಳನ್ನು ಇಲ್ಲಿ ಹಾಕಿ: ಪಾರ್ಕ್‌ಗಳ ಮಾಹಿತಿ ನೋಟದಲ್ಲಿ ಇಡೀ ನಗರದ್ದೊಂದು, ಶಿಕ್ಷಣದ ನೋಟದಲ್ಲಿ ಅದೇ ಎತ್ತರದಿಂದ ಇನ್ನೊಂದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ ಯಾವ ಹತ್ತನ್ನು ಉಳಿಸಬಹುದೆಂದು ಗುರುತು ಹಾಕಿ ಕೊಡುತ್ತೇನೆ.