ಸಲಿವನ್ ಬರುವ ಮೊದಲು ಊಟಿಯಲ್ಲಿ ಯಾರಿದ್ದರು?

ಪ್ರಶ್ನೆ: ಊಟಿಗೆ ಹೋಗಿದ್ದಾಗ ಜಾನ್ ಸಲಿವನ್ ಎಂಬ ಇಂಗ್ಲಿಷ್ ಅಧಿಕಾರಿಯ ಪ್ರತಿಮೆ ನೋಡಿದೆ. ಈ ಊರು ಕಟ್ಟಿದವನು ಇವನೇ ಎಂದರು. ಹಾಗಾದರೆ ಅದಕ್ಕೂ ಮುಂಚೆ ಅಲ್ಲಿ ಯಾರೂ ಇರಲಿಲ್ಲವೇ? ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದ ಮೇಲೆ ಅವನಿಗೆ ಪ್ರತಿಮೆ ಯಾಕೆ ಬೇಕಿತ್ತು?
– ಓದುಗರೊಬ್ಬರು, ಚಾಮರಾಜನಗರ

ಉತ್ತರ: ಇದ್ದರು ಸ್ವಾಮಿ, ಚೆನ್ನಾಗಿಯೇ ಇದ್ದರು. 1603ರಲ್ಲಿ ಕಲ್ಲಿಕೋಟೆ ಕಡೆಯಿಂದ ಬೆಟ್ಟ ಹತ್ತಿದ ಫೆನಿಸಿಯೊ ಎಂಬ ಪಾದ್ರಿ ತೋಡರನ್ನೂ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಸಲಿವನ್ ಮೇಲೆ ಬಂದದ್ದು 1819ರಲ್ಲಿ. ಅಷ್ಟರೊಳಗೆ ಇನ್ನೂರು ವರ್ಷಕ್ಕೂ ಜಾಸ್ತಿ ಕಳೆದಿತ್ತು. ತೋಡರು ಎಮ್ಮೆ ಸಾಕುತ್ತಿದ್ದರು. ಬಡಗರು ಬೇಸಾಯ ಮಾಡುತ್ತಿದ್ದರು. ಕೋಟರು ಮಡಕೆ, ಕಬ್ಬಿಣದ ಸಾಮಾನು ಮಾಡಿಕೊಡುತ್ತಿದ್ದರು. ಕುರುಂಬರು ಕಾಡಿನ ಜೇನು ತರುತ್ತಿದ್ದರು. ಒಬ್ಬರ ಪದಾರ್ಥ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಬಡಗರು ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರು ಎನ್ನುತ್ತಾರೆ. ಅವರ ಮಾತು ಕೇಳಿಸಿಕೊಂಡು ನೋಡಿ, ಕನ್ನಡ ಗೊತ್ತಿದ್ದವರಿಗೆ ಅಲ್ಲಲ್ಲಿ ಅರ್ಥವಾಗುತ್ತದೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ನೀಲಗಿರಿ ಕಂಪನಿಯ ಕೈಗೆ ಹೋಯಿತು. ಆದರೂ ಸುಮಾರು ವರ್ಷ ಅತ್ತ ಯಾರೂ ಅಷ್ಟಾಗಿ ತಲೆ ಹಾಕಲಿಲ್ಲ. ಸಲಿವನ್ ಕೊಯಮತ್ತೂರಿನ ಕಲೆಕ್ಟರ್. ಕೆಳಗಿನ ಬಿಸಿಲಿನಲ್ಲಿ ಬೆಂದವನಿಗೆ ಮೇಲಿನ ತಂಪು ಹಿಡಿಸದೆ ಇರುತ್ತದೆಯೇ? ಮೊದಲು ಕೋಟಗಿರಿ ಪಕ್ಕದಲ್ಲಿ ನೆಲೆ ಮಾಡಿಕೊಂಡ. ಅಲ್ಲಿನ ಕನ್ನೇರಿಮುಕ್ಕಿನ ಬಂಗಲೆ ಈಗ ಅವನ ಸ್ಮಾರಕ. ಆಮೇಲೆ 1822ರಲ್ಲಿ ಊಟಿಯಲ್ಲಿ ಕಲ್ಲಿನ ಮನೆ ಶುರು ಮಾಡಿದ. ಆ ಮನೆ ಇವತ್ತಿನ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಆಲೂಗಡ್ಡೆ, ಇಂಗ್ಲಿಷ್ ತರಕಾರಿ ಬೆಳೆಸಿದ, ಕೆರೆ ಕಟ್ಟಿಸಿದ. ಆ ಕೆರೆ ಆಗ ಎಷ್ಟು ದೊಡ್ಡದಿತ್ತೆಂದರೆ, ನೀವು ಇಳಿದ ಬಸ್ ನಿಲ್ದಾಣ, ಪಕ್ಕದ ರೇಸ್ ಕೋರ್ಸ್ ಎಲ್ಲ ಅದರ ಜಾಗವೇ.

ಇದಕ್ಕೆಲ್ಲ ಬೇಕಾದ ನೆಲ ಯಾರದು? ತೋಡರ ಎಮ್ಮೆ ಮೇಯುತ್ತಿದ್ದ ಹುಲ್ಲುಗಾವಲು. ಎಕರೆಗೆ ಒಂದು ರೂಪಾಯಿಯಂತೆ ಕೊಂಡನಂತೆ. ಆ ನೆಲಕ್ಕೆ ಅಲ್ಲಿವರೆಗೆ ಯಾರೂ ಎಕರೆ ಲೆಕ್ಕ ಹಾಕಿರಲಿಲ್ಲ. ಮಾರುವವನಿಗೆ ತಾನು ಏನು ಮಾರುತ್ತಿದ್ದೇನೆ ಅಂತ ಎಷ್ಟು ಗೊತ್ತಿತ್ತೋ! ನನ್ನ ಕೇಳಿದರೆ, ಊಟಿ ಹುಟ್ಟಿದ್ದು ಮನೆ ಕಟ್ಟಿದ ದಿನವಲ್ಲ, ಈ ವ್ಯಾಪಾರ ಆದ ದಿನ.

ಹಾಗಂತ ಅವನನ್ನು ಬರೀ ಲೂಟಿಕೋರ ಅಂದರೂ ತಪ್ಪಾಗುತ್ತದೆ. ಮುಂದೆ ಮದ್ರಾಸ್ ಸರ್ಕಾರ ಊರು ಬೆಳೆಸಲು ಹೊರಟಾಗ, ಈ ಭೂಮಿ ತೋಡರದ್ದು, ಅವರಿಗೆ ಪರಿಹಾರ ಕೊಡಿ ಎಂದು ಮೇಲಿನವರ ಜೊತೆ ಜಗಳಕ್ಕೆ ನಿಂತವನೂ ಇವನೇ. ಗವರ್ನರ್ ಲಷಿಂಗ್ಟನ್‌ಗೂ ಇವನಿಗೂ ಸರಿಹೋಗಲೇ ಇಲ್ಲ. ಮೊದಲು ತಾನು ಬೇಕಾದಷ್ಟು ಹಿಡಿದುಕೊಂಡು ಆಮೇಲೆ ನ್ಯಾಯ ಹೇಳಿದ ಅಂತ ನೀವು ಮೂಗು ಮುರಿಯಬಹುದು. ನಾನೂ ಮುರಿಯುತ್ತೇನೆ.

ಇನ್ನು ಪ್ರತಿಮೆ. ಊಟಿಗೆ 200 ವರ್ಷ ಎಂದು 2022ರಲ್ಲಿ ತಮಿಳುನಾಡು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಅನಾವರಣ ಮಾಡಿದರು. ಪ್ರವಾಸಿಗರನ್ನು ನಂಬಿದ ಊರಿಗೆ ಒಂದು ಹುಟ್ಟುಹಬ್ಬ ಬೇಕಾಗುತ್ತದೆ, ಅಲ್ವಾ? ಅದನ್ನು ಕಿತ್ತು ಹಾಕಿ ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ, ಈ ಹುಲ್ಲುಗಾವಲು ಯಾರದಾಗಿತ್ತು, ಎಷ್ಟಕ್ಕೆ ಹೋಯಿತು ಎಂದು ಬರೆಸಲಿ.

ಮುಂದಿನ ಸಲ ಹೋದಾಗ ಎರಡು ಜಾಗ ಬಿಡಬೇಡಿ. ಒಂದು, ಸೇಂಟ್ ಸ್ಟೀಫನ್ಸ್ ಚರ್ಚ್. 1829ರಲ್ಲಿ ಅಡಿಗಲ್ಲು ಹಾಕಿದ್ದು. ಒಳಗೆ ಹೋಗಿ ತಲೆಯೆತ್ತಿದರೆ ದಪ್ಪ ದಪ್ಪ ಮರದ ತೊಲೆಗಳು ಕಾಣುತ್ತವೆ. ಶ್ರೀರಂಗಪಟ್ಟಣದ ಟಿಪ್ಪು ಅರಮನೆಯನ್ನು ಬಿಚ್ಚಿ ತಂದ ಮರ ಅದು. ಸಲಿವನ್‌ನ ಹೆಂಡತಿ ಮತ್ತು ಮಗಳ ಸಮಾಧಿ ಅಲ್ಲೇ ಇದೆ. ಅವನು ಮಾತ್ರ ಸತ್ತದ್ದು ಇಂಗ್ಲೆಂಡಿನಲ್ಲಿ, 1855ರಲ್ಲಿ.

ಇನ್ನೊಂದು, ಬೊಟಾನಿಕಲ್ ಗಾರ್ಡನ್ ಮೇಲಿನ ತೋಡರ ಮಂದ್, ಅಂದರೆ ಅವರ ಹಟ್ಟಿ. ಜನ ಹೂವಿನ ಮುಂದೆ ಸೆಲ್ಫಿ ತೆಗೆದುಕೊಂಡು ಕೆಳಗಿನಿಂದಲೇ ವಾಪಸ್ ಹೋಗುತ್ತಾರೆ. ಸ್ವಲ್ಪ ಏರು ಹತ್ತಬೇಕು ಅಷ್ಟೆ. ಕಮಾನಿನಂತೆ ಬಾಗಿದ ತೋಡರ ಗುಡಿಸಲಿನ ಬಾಗಿಲು ಎಷ್ಟು ಚಿಕ್ಕದೆಂದರೆ, ದೊಡ್ಡವರು ತೆವಳಿಕೊಂಡೇ ಒಳಗೆ ಹೋಗಬೇಕು. ಅಲ್ಲಿ ಈಗಲೂ ಜನ ಇದ್ದಾರೆ. ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.

– ಸಂ.